ಮಳೆ ನಿಂತರೂ ಒಣಗದ ಟಾಪು: ಬೆಳಗಾವಿಯ ಒಂದು ಕ್ಯಾಂಪರ್ ವ್ಯಾನಿನ ಪಾಚಿ ಪ್ರಕರಣ

ಗಾಡಿ ಬೆಳಗಾವಿ ಶಹರದ ಹಳೆಯ ಬಡಾವಣೆಯೊಂದರದು. ಮಾಲೀಕರು ನಿವೃತ್ತ ದಂಪತಿ. ಯಜಮಾನರು ಬ್ಯಾಂಕಿನಲ್ಲಿದ್ದವರು, ಮನೆಯವರು ಶಾಲೆಯಲ್ಲಿ ಅಕ್ಕೋರಾಗಿದ್ದವರು. ಹೆಸರು, ಓಣಿ, ಗಾಡಿಯ ನಂಬರು ಇಲ್ಲಿ ಬೇಡ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಟಾಪಿನ ಮೇಲೆ ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಬರೆದಿದ್ದೇನೆ. ಫೈಬರ್ ಕೆಲಸ ಮಾಡುವ ನಮ್ಮ ಶೆಡ್ಡಿಗೆ ಗಾಡಿ ಬರುವ ಹೊತ್ತಿಗೆ ಅದು ಮೂರು ಮಳೆಗಾಲ ಕಂಡಿತ್ತು, ಮೂರರಲ್ಲೂ ಹಸಿರಾಗಿತ್ತು.

ಹಿನ್ನೆಲೆ

ಉದ್ದ ಚಾಸಿಯ ಟೆಂಪೊ ಟ್ರಾವೆಲರ್ ಅದು. ಸೆಕೆಂಡ್ ಹ್ಯಾಂಡ್ ಕೊಂಡು ಒಳಗೆ ಹಾಸಿಗೆ, ಸಣ್ಣ ಅಡಿಗೆ ಕಟ್ಟೆ, ನೀರಿನ ಟ್ಯಾಂಕು ಕೂಡಿಸಿದ್ದರು. ಮೇಲೆ, ಒಳಗೆ ನಿಂತು ಓಡಾಡುವಷ್ಟು ಎತ್ತರದ ಬಿಳಿ ಫೈಬರ್ ಟಾಪು. ಟಾಪಿನ ಮೇಲೆ ಎರಡು ಸೋಲಾರ್ ಪ್ಯಾನೆಲ್, ನಡುವೆ ಫ್ಯಾನ್ ಇರುವ ಗಾಳಿಗಿಂಡಿ, ಹಿಂದುಗಡೆ ಸಾಮಾನಿನ ಕ್ಯಾರಿಯರ್. ಪ್ಯಾನೆಲ್‌ಗಳನ್ನು ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಟಾಪಿಗೆ ಅಂಟಿದಂತೆ ಕೂಡಿಸಿದ್ದರು. ಕೆಳಗೆ ಎರಡು ಬೆರಳು ತೂರುವಷ್ಟೇ ಸಂದು. ದೂರದಿಂದ ನೋಡಲು ಚೆಂದ, ಅದರಲ್ಲಿ ಅನುಮಾನವಿಲ್ಲ.

ಗಾಡಿ ನಿಲ್ಲುತ್ತಿದ್ದದ್ದು ಎರಡಂತಸ್ತಿನ ಮನೆಯ ಉತ್ತರಕ್ಕೆ, ಮನೆಗೂ ಕಂಪೌಂಡ್ ಗೋಡೆಗೂ ನಡುವಿನ ಹತ್ತು ಅಡಿ ಓಣಿಯಂಥ ಜಾಗದಲ್ಲಿ. ಗೋಡೆಯ ಆಚೆ ಮನೆಯವರ ಮಾವಿನ ಗಿಡ, ಅದರ ಅರ್ಧ ಟೊಂಗೆ ಈಚೆಗೆ. ಮಳೆಗಾಲದಲ್ಲಿ ದಂಪತಿ ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಹೋಗುತ್ತಿದ್ದರು, ಚಳಿಗಾಲದಲ್ಲಿ ಬಾದಾಮಿ, ಪಟ್ಟದಕಲ್ಲು. ಬೇಸಿಗೆಯಲ್ಲಿ ಗಾಡಿ ಕೆಲವು ವಾರ ವಿಜಯಪುರದ ಬೀಗರ ಮನೆಯ ಅಂಗಳದಲ್ಲಿರುತ್ತಿತ್ತು.

ಬೆಳಗಾವಿಯ ಹವೆ ಗೊತ್ತಿಲ್ಲದವರಿಗೆ ಒಂದು ಮಾತು. ಸುಮಾರು 750 ಮೀಟರ್ ಎತ್ತರದ, ಘಟ್ಟಕ್ಕೆ ಹತ್ತಿಕೊಂಡ ಊರು ಇದು. ಇದೇ ಜಿಲ್ಲೆಯ ಅಥಣಿ ಕಡೆಯ ಜನ ಮೋಡ ನೋಡುತ್ತ ಕೂತಿರುವಾಗ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಹಿಡಿದು ಬಿಡುವುದಿಲ್ಲ. ಒಗೆದ ಬಟ್ಟೆ ಎರಡು ದಿನವಾದರೂ ಆರುವುದಿಲ್ಲ. ಗಾಡಿಯ ಟಾಪು ಮಾತ್ರ ಹೇಗೆ ಆರಬೇಕು?

ತೊಂದರೆ, ಮತ್ತು ಅದಕ್ಕೆ ಮಾಡಿದ್ದೆಲ್ಲ

ಮೊದಲ ಮಳೆಗಾಲ ಮುಗಿದಾಗ ಟಾಪಿನ ನಡುವೆ ತೆಳುವಾದ ಹಸಿರು ಪೊರೆ. ಸೋಪಿನ ಪುಡಿ ಹಾಕಿ, ಪಾತ್ರೆ ತಿಕ್ಕುವ ತಂತಿಯ ಜುಂಗಿನಿಂದ ಉಜ್ಜಿದರು. ಫಳಫಳ ಆಯಿತು. ಆದರೆ ಫೈಬರ್ ಟಾಪಿನ ಮೇಲಿನ ಹೊಳಪಿನ ಪದರು, ಅಂದರೆ ಜೆಲ್‌ಕೋಟ್, ಸುಮಾರು ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಹೆಚ್ಚು. ತಂತಿ ಅದರ ಮೇಲೆ ಸಾವಿರ ಗೀರು ಬಿಟ್ಟಿತು, ಪ್ರತಿ ಗೀರಿನಲ್ಲೂ ನೀರು ಮತ್ತು ಧೂಳು ಕೂರಲು ಜಾಗವಾಯಿತು. ಮುಂದಿನ ಸಲ ಹಸಿರು ಬೇಗ ಬಂತು, ಗಟ್ಟಿಯಾಗಿಯೂ ಬಂತು.

ಎರಡನೆಯ ವರ್ಷ ಕೋಳಿ ಫಾರ್ಮಿನ ಪರಿಚಯದವರೊಬ್ಬರು ಬಿಕೆಸಿ ಹೊಡೆಯಲು ಹೇಳಿದರು. ಬೆಂಜಾಲ್ಕೋನಿಯಂ ಕ್ಲೋರೈಡ್, ಕೋಳಿ ಶೆಡ್ಡು ತೊಳೆಯುವ ಔಷಧಿ. ಸಲಹೆ ಸರಿಯಾಗಿಯೇ ಇತ್ತು. ಯಜಮಾನರು ಟಾಪನ್ನು ಸೋಪಿನ ಪುಡಿಯಿಂದ ತೊಳೆದು, ನೊರೆ ಅರ್ಧಂಬರ್ಧ ಹೋಗಿರುವಾಗಲೇ ಔಷಧಿ ಹೊಡೆದರು. ಏನೂ ಆಗಲಿಲ್ಲ. "ಅದು ಕೋಳಿಗೆ ಅಷ್ಟರಿ" ಎಂದು ಡಬ್ಬಿ ಅಟ್ಟಕ್ಕೆ ಹಾಕಿದರು. ಈ ಡಬ್ಬಿಯ ಕತೆ ಮುಂದೆ ಬರುತ್ತದೆ.

ಆಮೇಲೆ ವಾಟರ್ ಸರ್ವಿಸಿಂಗ್. ಪ್ರೆಶರ್ ಪೈಪಿನ ನೀರು ಪಾಚಿಯ ಜೊತೆಗೆ ಗಾಳಿಗಿಂಡಿಯ ಸುತ್ತಲಿನ ಸೀಲೆಂಟಿನ ಅಂಚನ್ನೂ ಎಬ್ಬಿಸಿತು. ಅದು ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಮುಂದಿನ ಮಳೆಯಲ್ಲಿ ಹಾಸಿಗೆಯ ಮೇಲಿನ ಪ್ಲೈವುಡ್ ಸೀಲಿಂಗಿನಲ್ಲಿ ಚಹಾ ಬಣ್ಣದ ಕಲೆ, ಪಕ್ಕದ ಕಪಾಟಿನಲ್ಲಿ ಕರಿ ಬೂಷ್ಟು, ಮುಗ್ಗಲು ವಾಸನೆ. ಅಲ್ಲಿಯವರೆಗೆ ಟಾಪಿನ ಹೊರಗಿದ್ದ ತೊಂದರೆ ಒಳಗೆ ಇಳಿದದ್ದು ಇಲ್ಲಿಂದ.

ಅದರ ಹಿಂದೆಯೇ ಬ್ಲೀಚಿಂಗ್ ದ್ರಾವಣ. ಟಾಪು ಹಾಲಿನ ಹಾಗೆ ಬಿಳುಪಾಯಿತು, ಪಟ್ಟಿಗಳ ಅಲ್ಯೂಮಿನಿಯಂ ಮೇಲೆ ಸಿಡುಬಿನಂಥ ಚುಕ್ಕೆ ಎದ್ದವು, ರಬ್ಬರ್ ಬೀಡಿಂಗ್ ಬಿರುಸಾಯಿತು, ಕೆಳಗಿನ ದಾಸವಾಳದ ಎಲೆ ಸುಟ್ಟವು. ಬ್ಲೀಚು ಬಣ್ಣ ತೆಗೆಯುತ್ತದೆ, ಪಾಚಿಯನ್ನೂ ಕೊಲ್ಲುತ್ತದೆ, ಆದರೆ ಹಿಂದೆ ಏನನ್ನೂ ಉಳಿಸುವುದಿಲ್ಲ; ಮರುವಾರ ಗಾಳಿಯಲ್ಲಿ ಬರುವ ಹೊಸ ಕಣಕ್ಕೆ ಟಾಪು ಮತ್ತೆ ತೆರೆದ ಹೊಲ. ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿದರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಯಾರೋ ಹೇಳಿದ್ದರಂತೆ. ಅಕ್ಕೋರು ಬೇಡವೆಂದು ತಡೆದದ್ದು ದೊಡ್ಡ ಪುಣ್ಯ. ಅವೆರಡು ಸೇರಿದರೆ ಬರುವುದು ಕ್ಲೋರಿನ್ ಅನಿಲ.

ಮೂರನೆಯ ಮಳೆಗಾಲಕ್ಕೆ ನೀಲಿ ತಾಡಪತ್ರಿ ತಂದು ಗಾಡಿಗೆ ಬಿಗಿಯಾಗಿ ಸುತ್ತಿ ಹಗ್ಗ ಬಿಗಿದರು. ಆಗಸ್ಟ್ ಕೊನೆಗೆ ಬಿಚ್ಚಿದಾಗ ಆ ವರೆಗಿನ ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ತಾಡಪತ್ರಿ ಮಳೆ ತಡೆದಿತ್ತು, ನಿಜ. ಆದರೆ ನೆಲದಿಂದ ಏಳುವ ಆವಿ, ಒಳಗಿನ ತೇವ ಎರಡೂ ಅದರ ಕೆಳಗೆ ಸಿಕ್ಕಿಬಿದ್ದಿದ್ದವು. ಪಾಚಿಗೆ ಬೇಕಾದಷ್ಟು ಬೆಳಕು ನೀಲಿ ಪ್ಲಾಸ್ಟಿಕ್ಕಿನ ಮೂಲಕವೂ ಇಳಿಯುತ್ತದೆ, ಬೂಷ್ಟಿಗಂತೂ ಬೆಳಕೇ ಬೇಡ. ಮೇಲಾಗಿ ಗಾಳಿಗೆ ಬಡಿದಾಡಿದ ತಾಡಪತ್ರಿ ಮೂಲೆಗಳಲ್ಲಿ ಜೆಲ್‌ಕೋಟನ್ನು ಉಜ್ಜಿ ಮಂಕು ಮಾಡಿತ್ತು.

ಗಾಡಿ ನಮ್ಮಲ್ಲಿಗೆ ಬಂದದ್ದು ಇದಾದ ಮೇಲೆ. ಹೊಸ ಟಾಪು ಹಾಕಲು ಎಷ್ಟಾಗುತ್ತದೆ ಎಂದು ಕೇಳಲು ಬಂದಿದ್ದರು.

ಮೊದಲ ತಿರುವು: ಮಾಳಿಗೆಯ ಫೋಟೊ

ಟಾಪಿನ ಫೈಬರ್ ಗಟ್ಟಿಯಾಗಿತ್ತು, ಬದಲಿಸುವ ಕಾರಣವಿರಲಿಲ್ಲ. ಬದಲಿಸಿದರೂ ಹೊಸದು ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಹಾಗಾಗಿ ಒಂದು ಕೆಲಸ ಹೇಳಿದೆವು. ಏನೂ ತೊಳೆಯಬೇಡಿ, ಹೊಡೆಯಬೇಡಿ. ಮಳೆ ನಿಂತ ಕೂಡಲೇ ಮನೆಯ ಮಾಳಿಗೆಯಿಂದ ಟಾಪಿನ ಒಂದು ಫೋಟೊ, ಆಮೇಲೆ ತಾಸಿಗೊಂದು, ಒಣಗುವ ತನಕ.

ಸೆಪ್ಟೆಂಬರ್‌ನಲ್ಲಿ ಮಳೆ ಬಿಡುವು ಕೊಟ್ಟ ಒಂದು ದಿನದ ಫೋಟೊಗಳನ್ನು ಅಕ್ಕೋರು ತಂದರು. ತಾಸಿನ ಲೆಕ್ಕ ಅವರ ಕೈಬರಹದಲ್ಲಿ, ಶಾಲೆಯ ಹಾಜರಿ ಪುಸ್ತಕದಷ್ಟು ಅಚ್ಚುಕಟ್ಟು. ಮಧ್ಯಾಹ್ನದೊಳಗೆ ಟಾಪಿನ ದಿಂಡು, ಅಂದರೆ ಎತ್ತರದ ಭಾಗ, ಒಣಗಿತ್ತು, ಮೂರರ ಹೊತ್ತಿಗೆ ಮುಂಭಾಗ. ಗಾಳಿಗಿಂಡಿಯ ಹಿಂದಿನ ತಗ್ಗು ಮತ್ತು ಪ್ಯಾನೆಲ್‌ಗಳ ಅಂಚು ಸಂಜೆಗೂ ಒದ್ದೆ, ಮರುದಿನ ಬೆಳಗ್ಗೆಯೂ ಒದ್ದೆ. ಹಸಿರು ಎಲ್ಲಿತ್ತೋ ಅಲ್ಲೇ. ಗೆರೆ ಎಳೆದು ಕತ್ತರಿಸಿದಂತೆ ಎರಡೂ ಒಂದರ ಮೇಲೊಂದು ಕೂತವು.

ಇಲ್ಲಿಂದ ಪ್ರಶ್ನೆ ಬದಲಾಯಿತು. ಯಾವ ಔಷಧಿ ಹೊಡೆಯಬೇಕು ಎನ್ನುವುದು ಪಕ್ಕಕ್ಕೆ ಸರಿದು, ಈ ಜಾಗ ಯಾಕೆ ಒಣಗುತ್ತಿಲ್ಲ ಎನ್ನುವುದು ಮುಂದೆ ಬಂತು. ಪಾಚಿಯ ಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ಅವನ್ನು ಬರದಂತೆ ತಡೆಯಲಾಗದು. ದಿನದ ಬಹುಪಾಲು ಒದ್ದೆಯಾಗಿರುವ ಜಾಗ ಸಿಕ್ಕರೆ ಮಾತ್ರ ಅವು ಬೇರೂರುತ್ತವೆ.

ತಗ್ಗಿನ ಕಾರಣ ಸುಲಭವಾಗಿ ಸಿಕ್ಕಿತು. ಟಾಪು ಮಾಡಿದವರು ಎರಡು ಅಡ್ಡ ಪಕ್ಕೆಗಳ ನಡುವೆ ಫೈಬರ್ ಮ್ಯಾಟ್, ಅಂದರೆ ಗಾಜಿನ ನೂಲಿನ ಹಾಸು, ಒಂದು ಪದರು ಕಡಿಮೆ ಹಾಕಿದ್ದರು. ಬಿಸಿಲಿಗೆ ಅದು ಕುಸಿದು ತಾಟಿನಷ್ಟಗಲದ ಕುಣಿಯಾಗಿತ್ತು. ಪ್ಯಾನೆಲ್ ಕೆಳಗಿನ ಎರಡು ಬೆರಳ ಸಂದಿನಲ್ಲಿ ಮಾವಿನ ತರಗೆಲೆ ಕೊಳೆತು ಗೊಬ್ಬರವಾಗಿತ್ತು. ಗಾಳಿಯೂ ಆಡದು, ಬ್ರಷ್ಷೂ ಹೋಗದು.

ನೆರಳಿನ ಲೆಕ್ಕ ಮಾತ್ರ ನಮ್ಮನ್ನೂ ಸ್ವಲ್ಪ ಯೋಚನೆಗೆ ಹಚ್ಚಿತು. ಮಳೆಗಾಲ ಮುಗಿದರೆ ಬಿಸಿಲಿಗೆ ತಾನೇ ಒಣಗುತ್ತದೆ ಎಂದು ಯಜಮಾನರು ನಂಬಿದ್ದರು. ಆದರೆ ಬೆಳಗಾವಿ ಇರುವುದು ಹೆಚ್ಚುಕಡಿಮೆ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಆಗ ಮನೆಯ ಉತ್ತರ ಬದಿಗೂ ಬಿಸಿಲುಂಟು. ಆದರೆ ಆ ದಿನಗಳಲ್ಲೇ ಮೋಡ. ಮೋಡ ಹರಿದ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಡಿಸೆಂಬರ್‌ನಲ್ಲಿ ನಡುಹಗಲಿಗೂ ಸುಮಾರು 51 ಡಿಗ್ರಿಗಿಂತ ಮೇಲೇರುವುದಿಲ್ಲ. ಮನೆ ಏಳು ಮೀಟರ್ ಎತ್ತರ, ಗಾಡಿಯ ಟಾಪು ಮೂರು ಮೀಟರ್. ಉಳಿದ ನಾಲ್ಕು ಮೀಟರ್ ಗೋಡೆಯ ನೆರಳು ಟಾಪಿನ ಮಟ್ಟದಲ್ಲಿ ಮೂರು ಮೀಟರಿಗೂ ಹೆಚ್ಚು ಚಾಚುತ್ತದೆ. ಓಣಿಯ ಅಗಲವೇ ಮೂರು ಮೀಟರ್. ಅಂದರೆ ಚಳಿಗಾಲದಲ್ಲಿ ಗಾಡಿಗೆ ನಡುಹಗಲಿನಲ್ಲೂ ನೆರಳೇ, ಮೇಲೆ ರಾತ್ರಿಯ ಇಬ್ಬನಿ ಬೇರೆ.

ಎರಡನೆಯ ತಿರುವು: ಮೂರು ಬೇರೆ ಬೇರೆ ಬೆಳೆ

ಮನೆಯವರು ಎಲ್ಲವನ್ನೂ ಪಾಚಿ ಎನ್ನುತ್ತಿದ್ದರು. ಬೆರಳಾಡಿಸಿ ನೋಡಿದರೆ ಮೂರು ಬಗೆ. ತಗ್ಗಿನಲ್ಲಿ ಜಾರುವ ಹಸಿರು, ಅದು ನಿಜವಾದ ಪಾಚಿ. ಮಾವಿನ ಟೊಂಗೆಯ ಕೆಳಗಿನ ಮೂಲೆಯಲ್ಲಿ ಮಸಿ ಬಳಿದಂಥ ಕರಿ ಪದರು, ಉಗುರಿನಿಂದ ಕೆರೆದರೆ ಹಾಳೆಯಂತೆ ಏಳುವಂಥದ್ದು. ಮೂರನೆಯದು ಒಳಗಿನ ಬೂಷ್ಟು.

ಕರಿ ಪದರಿಗೆ ಮಳೆ ಕಾರಣವಲ್ಲ. ಮಾವು ಹೂ ಬಿಟ್ಟಾಗ ಜಿಗಿಹುಳುಗಳು ಹೂಗೊಂಚಲಿನ ರಸ ಹೀರಿ ಸಿಹಿ ಅಂಟನ್ನು ವಿಸರ್ಜಿಸುತ್ತವೆ. ಅದು ಕೆಳಗಿನ ಎಲೆ, ಗೋಡೆ, ಗಾಡಿ ಎಲ್ಲದರ ಮೇಲೂ ಬೀಳುತ್ತದೆ, ಆ ಸಿಹಿಯ ಮೇಲೆ ಕರಿ ಬೂಷ್ಟು ಬೆಳೆಯುತ್ತದೆ. ಮಾವು ಬೆಳೆಯುವವರಿಗೆ ಇದು ಹೊಸತಲ್ಲ, ಗಾಡಿಯವರಿಗೆ ಹೊಸತು. ಪಾಚಿಯ ಔಷಧಿ ಎಷ್ಟು ಹೊಡೆದರೂ ಜನವರಿಯಿಂದ ಮಾರ್ಚ್‌ವರೆಗೆ ಮೇಲಿನಿಂದ ಹೊಸ ಅಂಟು ಬೀಳುತ್ತಲೇ ಇರುತ್ತದೆ.

ಟೊಂಗೆ ಕಡಿಸುವ ಮಾತು ಬಂತು. ಗೋಡೆಯಾಚೆಯ ಕಾಕೂ ಒಪ್ಪಲಿಲ್ಲ. "ಹಣ್ಣ ಕೊಡೋ ಗಿಡಕ್ಕ ಕೊಡ್ಲಿ ಹಚ್ಚಬ್ಯಾಡ್ರಿ. ನಿಮ್ಮ ಗಾಡಿಗೆ ಗಾಲಿ ಅದಾವು, ನನ್ನ ಗಿಡಕ್ಕ ಇಲ್ಲ" ಎಂದರಂತೆ. ಮಾತಿನಲ್ಲಿ ನ್ಯಾಯವಿತ್ತು. ಕಡಿಸುವ ಯೋಚನೆ ಅಲ್ಲಿಗೇ ಬಿಟ್ಟು, ಹೂವಿನ ಕಾಲದಲ್ಲಿ ಗಾಡಿಯನ್ನೇ ಸರಿಸುವುದೆಂದು ತೀರ್ಮಾನವಾಯಿತು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ದುಡ್ಡು ಖರ್ಚಿಲ್ಲದೆ ಆದ ಅತ್ಯುತ್ತಮ ನಿರ್ಧಾರ ಇದೇ.

ಮೈಲುತುತ್ತದ ಸಲಹೆ

ನಡುವೆ ಬೀಗರ ಕಡೆಯಿಂದ ಒಂದು ಸಲಹೆ ಬಂತು. ವಿಜಯಪುರದ ಸುತ್ತ ದ್ರಾಕ್ಷಿ ತೋಟಗಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದು ಹಳೆಯ ರೂಢಿ. ಬಳ್ಳಿಯ ಬೂಷ್ಟು ಹೋಗುವುದಾದರೆ ಟಾಪಿನದೂ ಹೋಗಬೇಕಲ್ಲ ಎನ್ನುವುದು ಅವರ ವಾದ. ತಾಮ್ರಕ್ಕೆ ಪಾಚಿ, ಬೂಷ್ಟು ಎರಡೂ ಅಂಜುತ್ತವೆ, ಅದು ಸುಳ್ಳಲ್ಲ. ಕೆಲವು ದೇಶಗಳಲ್ಲಿ ಮನೆಯ ಚಾವಣಿಯ ನೆತ್ತಿಗೆ ತಾಮ್ರದ ಪಟ್ಟಿ ಬಡಿಯುತ್ತಾರೆ. ಮಳೆನೀರಿನಲ್ಲಿ ಕರಗಿ ಇಳಿಯುವ ತಾಮ್ರ ಕೆಳಗಿನ ಭಾಗವನ್ನು ಸ್ವಚ್ಛವಾಗಿಡುತ್ತದೆ.

ಗಾಡಿಗೆ ಮಾತ್ರ ಇದು ಸಲ್ಲದು. ವಾದ ಮಾಡುವ ಬದಲು ಅಕ್ಕೋರು ಹತ್ತನೇ ತರಗತಿಯ ಪ್ರಯೋಗವನ್ನೇ ಮಾಡಿ ತೋರಿಸಿದರು. ಮೈಲುತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಸ್ವಲ್ಪ ಹೊತ್ತಿಗೆ ಮೊಳೆಯ ಮೇಲೆ ಕೆಂಪು ತಾಮ್ರ ಕೂತಿತು. ತಾಮ್ರ ಕೂರುವಷ್ಟೂ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಅಲ್ಯೂಮಿನಿಯಂ ಪಟ್ಟಿ, ಕಬ್ಬಿಣದ ಬೋಲ್ಟು, ಬಾಗಿಲ ಮೇಲಿನ ತಗಡು ಇವೆಲ್ಲ ಟಾಪಿನ ನೀರು ಇಳಿಯುವ ದಾರಿಯಲ್ಲೇ ಇವೆ. ಬಿಳಿ ಟಾಪಿನ ಮೇಲೆ ನೀಲಿ ಕಲೆ ಬೇರೆ. ಬೀಗರು ಮೊಳೆ ನೋಡಿ ಸುಮ್ಮನಾದರು.

ಮಾಡಿದ ಕೆಲಸ

ಎಲ್ಲವನ್ನೂ ಒಮ್ಮೆಲೇ ಮಾಡಲಾಗಲಿಲ್ಲ, ಮಾಡಲೂಬಾರದಿತ್ತು. ತಗ್ಗು ತುಂಬಲು ಮ್ಯಾಟಿನ ಜೊತೆ ಹಾಕುವ ಅಂಟು, ಅಂದರೆ ಪಾಲಿಯೆಸ್ಟರ್ ರೆಸಿನ್, ತೇವದಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ, ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ಯಜಮಾನರಿಗೆ ಅವಸರವಿತ್ತು. "ಮಿಸ್ತ್ರಿ, ದೀಪಾವಳಿ ಒಳಗ ಮುಗಿಸಿ ಕೊಡ್ರಿ" ಎಂದು ದಿನಾ ಫೋನು. ಮಳೆ ಪೂರ್ತಿ ಹೋಗಿ ಟಾಪು ಬಿಸಿಲಿನಲ್ಲಿ ಒಣಗುವವರೆಗೆ ಕಾಯಲೇಬೇಕೆಂದು ನಾವು ಹಟ ಹಿಡಿದೆವು. ಅಲ್ಲಿಯವರೆಗೆ ಒಂದು ಬದಿಯ ಎರಡೂ ಗಾಲಿಗಳ ಕೆಳಗೆ ಎರಡು ಇಂಚಿನ ಹಲಗೆ ಇಟ್ಟು ಗಾಡಿಯನ್ನು ವಾಲಿಸಿ ನಿಲ್ಲಿಸಿದರು, ಮಿಕ್ಕ ಗಾಲಿಗಳಿಗೆ ಅಡ್ಡಗಲ್ಲು. ಒಂದೂವರೆ ಡಿಗ್ರಿಯಷ್ಟು ಓರೆ. ಅಷ್ಟಕ್ಕೇ ತಗ್ಗಿನ ನೀರಿನ ಮುಕ್ಕಾಲು ಪಾಲು ಬದಿಗೆ ಹರಿದುಹೋಯಿತು.

ಔಷಧಿಯ ಸರದಿ ಬಂದಾಗ ಅಟ್ಟದ ಡಬ್ಬಿ ಕೆಳಗಿಳಿಯಿತು. ಬಿಕೆಸಿ ಮೊದಲ ಸಲ ಸೋತದ್ದು ಸೋಪಿನ ಪುಡಿಯಿಂದ. ಬಟ್ಟೆ ಸೋಪಿನ ಅಂಶ ಮತ್ತು ಬಿಕೆಸಿ ವಿರುದ್ಧ ವಿದ್ಯುದಂಶದವು. ಸೇರಿದರೆ ಒಂದನ್ನೊಂದು ಕಟ್ಟಿಹಾಕುತ್ತವೆ, ಔಷಧಿ ನಿಷ್ಪ್ರಯೋಜಕವಾಗುತ್ತದೆ. ಈ ಸಲ ಮೆತ್ತನೆಯ ಬ್ರಷ್ಷಿನಿಂದ ಬರೀ ನೀರಿನಲ್ಲಿ ಪೊರೆ ಎಬ್ಬಿಸಿ, ತೊಳೆದು, ನೀರು ಆರಲು ಬಿಟ್ಟು, ಆಮೇಲೆ ಹೊಡೆದದ್ದು. ಡಬ್ಬಿಯಲ್ಲಿದ್ದದ್ದು ಶೇಕಡಾ 50ರ ದ್ರಾವಣ. ಲೀಟರ್ ನೀರಿಗೆ 20 ಮಿಲಿಲೀಟರ್ ಹಾಕಿದರೆ ಸುಮಾರು ಶೇಕಡಾ 1 ಆಗುತ್ತದೆ. ಹೊಲಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ ಕೈಪಂಪು, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಮಳೆ ಬರುವ ಸೂಚನೆ ಇಲ್ಲದ, ಮೋಡ ಮುಸುಕಿದ ದಿನ ಆರಿಸಿಕೊಂಡೆವು, ಬಿಸಿಲಿದ್ದರೆ ಕೆಲಸ ಮಾಡುವ ಮೊದಲೇ ಆರಿಹೋಗುತ್ತದೆ. ಹೊಡೆದ ಮೇಲೆ ತೊಳೆಯಲಿಲ್ಲ. ಹಸಿರು ಎರಡು ದಿನದಲ್ಲಿ ಕಂದಾಗಿ, ಮುಂದಿನ ವಾರಗಳಲ್ಲಿ ತಾನೇ ಉದುರಿತು. ಈ ಔಷಧಿ ಮೀನಿಗೆ ವಿಷ. ಬಾವಿ, ಹಳ್ಳ, ಮೀನಿನ ತೊಟ್ಟಿ ಹತ್ತಿರವಿದ್ದರೆ ಬೇರೆ ಕಡೆ ಗಾಡಿ ಒಯ್ದು ಹೊಡೆಯಬೇಕು.

ಇದೇ ಹೊತ್ತಿಗೆ ಇನ್ನೊಂದು ಸಂಗತಿ ಹೊರಬಿತ್ತು. ವಿಜಯಪುರದ ಬೇಸಿಗೆಯಲ್ಲಿ ಟಾಪಿನ ಪಾಚಿ ಪ್ರತಿ ವರ್ಷ ಬೂದಿ ಬಣ್ಣದ ಹಕ್ಕಳೆಯಾಗುತ್ತಿತ್ತಂತೆ, ಸತ್ತಿತೆಂದು ಬಿಟ್ಟುಬಿಡುತ್ತಿದ್ದರು. ಜೂನ್‌ನ ಮೊದಲ ಮಳೆಗೆ ಅದೇ ಹಕ್ಕಳೆ ಮತ್ತೆ ಹಸಿರು. ಇಂಥ ನೆಲದ ಪಾಚಿಗಳಲ್ಲಿ ಅನೇಕವು ಒಣಗಿ ತಿಂಗಳುಗಟ್ಟಲೆ ಬದುಕಿರಬಲ್ಲವು. ಬೇಸಿಗೆಯ ಬಿಸಿಲು ಅವನ್ನು ಮಲಗಿಸಿತ್ತೇ ಹೊರತು ಕೊಂದಿರಲಿಲ್ಲ. ಮೇ ತಿಂಗಳಲ್ಲೇ ಹಕ್ಕಳೆ ತೆಗೆದು ಒಮ್ಮೆ ಔಷಧಿ ಹೊಡೆಯುವ ಕ್ರಮ ಇಲ್ಲಿಂದ ಶುರುವಾಯಿತು.

ಮಳೆ ಹೋದ ಮೇಲೆ ತಗ್ಗಿಗೆ ಮ್ಯಾಟ್ ಮತ್ತು ರೆಸಿನ್ ಹಾಕಿ ಎತ್ತರಿಸಿ ಜೆಲ್‌ಕೋಟ್ ಬಳಿದೆವು. ಗೀರುಬಿದ್ದ ಉಳಿದ ಮೇಲ್ಮೈಗೆ ನುಣುಪು ಪಾಲಿಶ್ ಹೊಡೆದು ಮೇಣ ಹಚ್ಚಿದ್ದು. ಪ್ಯಾನೆಲ್‌ಗಳನ್ನು ಬಿಚ್ಚಿ ಮೂರು ಇಂಚು ಎತ್ತರದ ಬ್ರಾಕೆಟ್ ಮೇಲೆ ಕೂಡಿಸಿದೆವು, ಈಗ ಕೆಳಗೆ ಉದ್ದ ಹಿಡಿಯ ಬ್ರಷ್ ಆಡುತ್ತದೆ, ಗಾಳಿಯೂ ಆಡುತ್ತದೆ.

ಗಾಳಿಗಿಂಡಿಯ ಸುತ್ತ ಹಳೆಯ ಸಿಲಿಕಾನ್ ಮೇಲೆಯೇ ಹೊಸ ಸಿಲಿಕಾನ್ ಮೆತ್ತಿದ್ದರು. ಆರಿದ ಸಿಲಿಕಾನ್ ಮೇಲೆ ಏನೂ ಗಟ್ಟಿಯಾಗಿ ಹಿಡಿಯುವುದಿಲ್ಲ, ಸಿಲಿಕಾನ್ ಕೂಡ. ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆದು ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಬೇಕಾಯಿತು. ಇದಕ್ಕೆ ಹಿಡಿದ ಹೊತ್ತು ಉಳಿದ ಯಾವ ಕೆಲಸಕ್ಕೂ ಹಿಡಿಯಲಿಲ್ಲ. ಕಲೆಯಾದ ಪ್ಲೈವುಡ್ಡಿನ ತುಂಡು ಕತ್ತರಿಸಿ ಹೊಸದು ಕೂಡಿಸಿದೆವು.

ಸೋರಿಕೆ ನಿಂತ ಮಾತ್ರಕ್ಕೆ ಒಳಗಿನ ಬೂಷ್ಟು ನಿಲ್ಲುತ್ತದೆಂಬ ಭರವಸೆ ನನಗಿರಲಿಲ್ಲ. ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರು, ಬೆವರು ಸೇರಿ ಅರ್ಧ ಲೀಟರಿನಷ್ಟು ನೀರು ಒಳಗಿನ ಗಾಳಿಗೆ ಸೇರುತ್ತದೆ. ಒಂದು ಕಿಲೊ ಎಲ್‌ಪಿಜಿ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ, ಅದು ಅನ್ನ ಕುದಿಸುವ ಆವಿಯ ಲೆಕ್ಕ ಬಿಟ್ಟು. ಈ ತೇವವೆಲ್ಲ ತಣ್ಣಗಿನ ಟಾಪಿನ ಒಳಮೈಗೆ ಹೋಗಿ ಹನಿಯಾಗುತ್ತದೆ. ಕಣಕುಂಬಿಯ ಮಳೆಯಲ್ಲಿ ಚಳಿಯೆಂದು ಕಿಟಕಿ, ಗಿಂಡಿ ಎಲ್ಲ ಮುಚ್ಚಿ ಅಡಿಗೆ ಮಾಡಿ ಮಲಗುತ್ತಿದ್ದರು. ಫ್ಯಾನನ್ನು ಸಣ್ಣ ವೇಗದಲ್ಲಿ ರಾತ್ರಿಯಿಡೀ ಓಡಿಸಿ, ಎದುರು ಮೂಲೆಯ ಕಿಟಕಿ ಎರಡು ಬೆರಳು ತೆರೆದಿಡಲು ಹೇಳಿದೆವು. ಹೊರಗೂ ತೇವವೇ ಇರುವಾಗ ಇದರಿಂದೇನು ಎಂದು ಯಜಮಾನರ ಪ್ರಶ್ನೆ. ಒಳಗಿನ ಗಾಳಿ ಹೊರಗಿಗಿಂತ ಬೆಚ್ಚಗಿದ್ದು ಹೆಚ್ಚು ನೀರು ಹೊತ್ತಿರುತ್ತದೆ, ಹಾಗಾಗಿ ಮಳೆಯಲ್ಲೂ ಅದನ್ನು ಹೊರಹಾಕಿದರೆ ಲಾಭವೇ.

ಆದದ್ದು

ಮುಂದಿನ ಮಳೆಗಾಲದಲ್ಲಿ ಮಾಳಿಗೆಯ ಫೋಟೊಗಳು ಮತ್ತೆ ಬಂದವು. ತಗ್ಗಿದ್ದ ಜಾಗ ಈಗ ದಿಂಡಿನ ಹಿಂದೆಯೇ ಒಣಗುತ್ತಿತ್ತು, ಅಲ್ಲಿ ಹಸಿರು ಬರಲಿಲ್ಲ. ಪ್ಯಾನೆಲ್ ಕೆಳಗೆ ಎಲೆ ಬಿದ್ದರೂ ವಾರಕ್ಕೊಮ್ಮೆ ಬ್ರಷ್ಷಿಗೆ ಸಿಕ್ಕವು. ಕಪಾಟಿನ ಮುಗ್ಗಲು ವಾಸನೆ ಹೋಯಿತು. ಕರಿ ಪದರು ಮಾಯ, ಏಕೆಂದರೆ ಮಾವು ಹೂ ಬಿಟ್ಟಾಗ ಗಾಡಿ ಬಾದಾಮಿ, ವಿಜಯಪುರದ ಕಡೆ ಇತ್ತು. ಮೊದಲು ಬೇಸಿಗೆಗೆಂದು ಇಟ್ಟುಕೊಂಡಿದ್ದ ವಿಜಯಪುರದ ವಾಸವನ್ನೇ ಅವರು ಹೂವಿನ ಕಾಲಕ್ಕೆ ಎಳೆದುಕೊಂಡರು.

ಎಲ್ಲವೂ ಸರಿಹೋಗಲಿಲ್ಲ. ಕ್ಯಾರಿಯರಿನ ಏಣಿ ಟಾಪಿಗೆ ತಾಗುವ ಬುಡದಲ್ಲಿ, ಹಿಂದಿನ ಅಲ್ಯೂಮಿನಿಯಂ ಪಟ್ಟಿ ಮುಗಿಯುವ ಕಡೆ, ಆಗಸ್ಟ್‌ನಲ್ಲಿ ಬೆರಳಗಲದ ಹಸಿರು ಮತ್ತೆ ಕಾಣಿಸಿತು. ಎರಡೂ ಕಡೆ ನೀರು ಲೋಹಕ್ಕೂ ಫೈಬರಿಗೂ ನಡುವಿನ ಸಂದಿನಲ್ಲಿ ನಿಲ್ಲುತ್ತದೆ. ಒಮ್ಮೆ ಔಷಧಿ ಹೊಡೆದು ಬಿಟ್ಟಿದ್ದಾರೆ. ಸಂದಿಗೆ ಸೀಲೆಂಟ್ ತುಂಬಬಹುದಿತ್ತು, ಆದರೆ ತುಂಬಿದರೆ ಒಳಹೊಕ್ಕ ನೀರು ಹೊರಬರುವ ದಾರಿಯೂ ಮುಚ್ಚುತ್ತದೆ. ಈ ಸಣ್ಣ ಹಸಿರು ಸಹಿಸಿಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ.

ಬೇರೆ ಬಗೆಯ ಗಾಡಿಯಿರುವವರು ಇದನ್ನು ಹಾಗೆಯೇ ಅನುಸರಿಸಬೇಕಿಲ್ಲ. ತಗಡಿನ ಟಾಪಿನಲ್ಲಿ ಕುಣಿ ಬೀಳುವುದು ಕಡಿಮೆ, ಆದರೆ ಒಳಗೆ ಹನಿ ಕಟ್ಟುವುದು ಹೆಚ್ಚು, ಅಲ್ಲಿ ಮೊದಲು ನೋಡಬೇಕಾದದ್ದು ಒಳಗಿನ ಹೊದಿಕೆ ಮತ್ತು ಗಾಳಿ. ಮೇಲೇಳುವ ಕ್ಯಾನ್ವಾಸ್ ಟಾಪಿನವರು ಒದ್ದೆಯಿದ್ದಾಗ ಮಡಚಿದರೆ ಮನೆಗೆ ಬಂದ ದಿನವೇ ಮತ್ತೆ ಬಿಚ್ಚಿ ಆರಿಸಬೇಕು. ಕ್ಯಾನ್ವಾಸಿಗೆ ಬ್ಲೀಚ್ ತಾಗಿಸಲೇಬಾರದು, ನೂಲು ಲಡ್ಡಾಗುತ್ತದೆ. ನಮ್ಮ ಪ್ರಕರಣದಂತೆ ಫೈಬರ್ ಟಾಪು, ನೆರಳಿನ ಜಾಗ ಎರಡೂ ಇರುವವರು ಔಷಧಿ ಕೊಳ್ಳುವ ಮೊದಲು ಒಂದು ಮಳೆಯ ಫೋಟೊ ತೆಗೆದರೆ ಅರ್ಧ ಖರ್ಚು ಉಳಿದೀತು.

ಈಗ ಯಜಮಾನರು ಓಣಿಯಂಥ ಆ ಜಾಗಕ್ಕೆ ತಗಡಿನ ಶೆಡ್ ಹಾಕಿಸುವ ಯೋಚನೆಯಲ್ಲಿದ್ದಾರೆ. ಹಾಕಿಸುವುದಾದರೆ ಬದಿಗಳನ್ನು ಮುಚ್ಚಬಾರದು, ತಗಡಿಗೂ ಟಾಪಿಗೂ ಕನಿಷ್ಠ ಎರಡಡಿ ಅಂತರ ಬಿಡಬೇಕು ಎಂದು ಹೇಳಿದ್ದೇವೆ. ಅಕ್ಕೋರಿಗೆ ಶೆಡ್ಡೇ ಬೇಡ. ಮನೆಯ ಮುಂದಿನ ಬಿಸಿಲಿಗೆ ಗಾಡಿ ತಂದು ನಿಲ್ಲಿಸಲು ಗೇಟು ಅಗಲ ಮಾಡಿಸಿದರೆ ಸಾಕು ಎನ್ನುತ್ತಾರೆ. ಗೇಟಿನ ಅಳತೆ ತೆಗೆದುಕೊಂಡು ಹೋಗಿದ್ದಾರೆ, ಇನ್ನೂ ತೀರ್ಮಾನವಾಗಿಲ್ಲ.